ಪ್ರೀತಿ ಇದ್ದರೆ ಸುಳ್ಳು ಯಾಕೆ ಹೇಳ್ತಾಳೆ?

ಈಟಿಂಗ್ ಡಿಸಾರ್ಡರ್, ಅಂದರೆ ಊಟದ ಜೊತೆಗಿನ ಸಂಬಂಧವೇ ಕೆಡುವ ಮಾನಸಿಕ ಕಾಯಿಲೆ, ಇರುವವರ ಮನೆಯವರ ಜೊತೆ ಮಾತಾಡುವುದು ನನ್ನ ಕೆಲಸ. ಅವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಊಟ ಆಯ್ತಾ ಅಂದರೆ ಆಯ್ತು ಅಂತಾಳೆ. ನೋಡಿದರೆ ತಿಂದೇ ಇರಲ್ಲ. ನನ್ನ ಮೇಲೆ ಪ್ರೀತಿ ಇದ್ದಿದ್ದರೆ ನನ್ನ ಹತ್ತಿರವೇ ಸುಳ್ಳು ಹೇಳ್ತಿದ್ದಳಾ?" ಗಂಡನ ಬಗ್ಗೆ ಇದೇ ಮಾತು ಕೇಳುವ ಹೆಂಡತಿಯರೂ ಇದ್ದಾರೆ. ಈ ಕಾಯಿಲೆ ಹೆಂಗಸರಿಗೆ ಮಾತ್ರ ಬರುತ್ತೆ ಅನ್ನುವುದು ತಪ್ಪು.

ಪ್ರೀತಿ ಇದ್ದರೂ ಹೇಳುತ್ತಾರೆ. ಎಷ್ಟೋ ಸಲ ಪ್ರೀತಿ ಇರುವುದಕ್ಕೇ ಹೇಳುತ್ತಾರೆ. ನಿಮಗೆ ಗೊತ್ತಾದರೆ ನೊಂದುಕೊಳ್ಳುತ್ತೀರಿ, ಅಸಹ್ಯ ಪಡುತ್ತೀರಿ ಅನ್ನುವ ನಾಚಿಕೆ ಒಂದು ಕಡೆ. ಗೊತ್ತಾದರೆ ತಡೆಯುತ್ತೀರಿ ಅನ್ನುವ ಭಯ ಇನ್ನೊಂದು ಕಡೆ. ಅನೊರೆಕ್ಸಿಯಾ, ಅಂದರೆ ದಪ್ಪ ಆಗುವ ಭಯದಿಂದ ಊಟ ತೀರಾ ಕಡಿಮೆ ಮಾಡುವ ಕಾಯಿಲೆ, ಇರುವವರಿಗೆ ಒಂದು ತುತ್ತು ಜಾಸ್ತಿ ತಿನ್ನುವುದು ನಿಜಕ್ಕೂ ಹೆದರಿಕೆಯ ವಿಷಯ. ಅದು ಹಟ ಅಲ್ಲ. ಬುಲಿಮಿಯಾದಲ್ಲಿ ತಡೆಯಲಾಗದೆ ಗಬಗಬನೆ ತಿನ್ನುತ್ತಾರೆ, ಆಮೇಲೆ ವಾಂತಿ ಮಾಡಿಕೊಂಡೋ ಉಪವಾಸ ಇದ್ದೋ ಅದನ್ನು ಕಳೆಯಲು ನೋಡುತ್ತಾರೆ. ಇವರ ತೂಕ ಎಲ್ಲರಂತೆಯೇ ಇರಬಹುದು. ಹಾಗಾಗಿ ಒಂದೇ ಮನೆಯಲ್ಲಿದ್ದೂ ವರ್ಷಗಟ್ಟಲೆ ಗೊತ್ತಾಗದೇ ಹೋಗುತ್ತೆ. ಬಿಂಜ್ ಈಟಿಂಗ್‌ನಲ್ಲೂ ಹಾಗೇ ತಡೆಯಲಾಗದೆ ತಿನ್ನುತ್ತಾರೆ. ವಾಂತಿ ಇಲ್ಲ, ಆದರೆ ಯಾರೂ ಇಲ್ಲದಾಗ ತಿಂದು ಕವರ್ ಬಚ್ಚಿಡುವ ಸಂಕಟ ಅಷ್ಟೇ ದೊಡ್ಡದು.

"ಅವಳು ಮೊದಲು ಹೀಗಿರಲಿಲ್ಲ, ಮಾತೆತ್ತಿದರೆ ರೇಗ್ತಾಳೆ, ಹತ್ತಿರ ಬರಲು ಬಿಡಲ್ಲ" ಅನ್ನುತ್ತಾರೆ. ಇದಕ್ಕೆ ನಾನು ಸಾಮಾನ್ಯವಾಗಿ 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದ ಬಗ್ಗೆ ಹೇಳುತ್ತೇನೆ. ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ, ಆರೋಗ್ಯವಾಗಿದ್ದ 36 ಗಂಡಸರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಎಲ್ಲರೂ ತಾವಾಗಿಯೇ ಮುಂದೆ ಬಂದವರು. ಯಾರಿಗೂ ಈಟಿಂಗ್ ಡಿಸಾರ್ಡರ್ ಇರಲಿಲ್ಲ. ಆದರೂ ತೂಕ ಇಳಿದಂತೆ ಅವರು ಸಿಡುಕರಾದರು, ಜನರಿಂದ ದೂರ ಸರಿದರು, ಲೈಂಗಿಕ ಆಸಕ್ತಿ ಕಳೆದುಕೊಂಡರು. ಇಡೀ ದಿನ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಹೊಟ್ಟೆಗಿಲ್ಲದ ಮೆದುಳು ಮನುಷ್ಯನನ್ನು ಹೀಗೆ ಮಾಡುತ್ತೆ. ನಿಮ್ಮ ಹೆಂಡತಿ ಮುಟ್ಟಿಸಿಕೊಳ್ಳದೆ ದೂರ ಸರಿದರೆ, ಅದರಲ್ಲಿ ಹಸಿವಿನ ಪಾಲೆಷ್ಟು, ತನ್ನ ಮೈಯನ್ನು ತಾನೇ ನೋಡಲಾಗದ ಸಂಕಟದ ಪಾಲೆಷ್ಟು ಅಂತ ಯೋಚಿಸಿ. ನಿಮ್ಮನ್ನು ಬೇಡ ಅನ್ನುತ್ತಿದ್ದಾಳೆ ಅಂತಲೇ ಅಂದುಕೊಳ್ಳಬೇಕಿಲ್ಲ.

ಇಷ್ಟು ಅರ್ಥವಾದರೂ ಸಂಸಾರ ಹದಗೆಡುತ್ತೆ. ಅದು ಹದಗೆಡುವ ಜಾಗ ಬೇರೆ. ಗಂಡ ಕಾವಲುಗಾರ ಆಗಿಬಿಡುತ್ತಾನೆ. ಊಟ ಮುಗಿದ ತಕ್ಷಣ ಅವಳು ಬಾತ್‌ರೂಮಿಗೆ ಹೋದರೆ ಇವನ ಕಿವಿ ಅಲ್ಲೇ. ನಲ್ಲಿ ಜೋರಾಗಿ ಬಿಟ್ಟ ಸದ್ದು. ಎಷ್ಟು ಹೊತ್ತು ಅಂತ ಗಡಿಯಾರ ನೋಡುತ್ತಾನೆ. ಹೊರಗೆ ಬಂದಾಗ ಕಣ್ಣು ಕೆಂಪಾಗಿದೆಯಾ, ಬೆರಳಿನ ಗೆಣ್ಣಿನ ಮೇಲೆ ಗಾಯ ಇದೆಯಾ ಅಂತ ಹುಡುಕುತ್ತಾನೆ. ಅವಳಿಗೆ ಅದು ಗೊತ್ತಾಗುತ್ತೆ. ಮರುದಿನ ಇನ್ನೂ ಹುಷಾರಾಗಿ ಮುಚ್ಚಿಡುತ್ತಾಳೆ. ಇವನು ಇನ್ನೂ ಹತ್ತಿರದಿಂದ ಕಾಯುತ್ತಾನೆ. ಕೊನೆಗೆ ಇಬ್ಬರ ನಡುವೆ ಊಟ ಬಿಟ್ಟು ಬೇರೆ ಮಾತೇ ಇರಲ್ಲ.

ಅಪ್ಪ ಅಮ್ಮಂದಿರ ವಿಷಯ ಬೇರೆ. ಹದಿಹರೆಯದ ಮಕ್ಕಳಿಗೆ ಅನೊರೆಕ್ಸಿಯಾ ಬಂದಾಗ, ಊಟದ ಜವಾಬ್ದಾರಿಯನ್ನು ಸ್ವಲ್ಪ ಕಾಲ ಅಪ್ಪ ಅಮ್ಮನೇ ವಹಿಸಿಕೊಳ್ಳುವ ಚಿಕಿತ್ಸೆ ಇದೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡದ್ದು, ಈಗಲೂ ಚೆನ್ನಾಗಿ ಕೆಲಸ ಮಾಡುತ್ತೆ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ, ಕಾಯಿಲೆಗೆ ಆ ಹೆಸರು ಕೊಟ್ಟ ವಿಲಿಯಂ ಗಲ್ ಅನ್ನುವ ಡಾಕ್ಟರು, ಇಂಥವರನ್ನು ನೋಡಿಕೊಳ್ಳಲು ಮನೆಯವರಷ್ಟು ಕೆಟ್ಟವರು ಇಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದರು. ಆ ಮಾತಿನ ನೆರಳು ಇನ್ನೂ ಹೋಗಿಲ್ಲ. "ನಾನೇ ಏನೋ ತಪ್ಪು ಮಾಡಿದೆ" ಅಂತ ಅಳುವ ಅಮ್ಮಂದಿರನ್ನು ನೋಡಿದಾಗ ನನಗೆ ಸಿಟ್ಟು ಬರುತ್ತೆ. ಅನುವಂಶೀಯತೆಯ ಪಾಲೂ ಇರುವ ಕಾಯಿಲೆ ಇದು. ಅಮ್ಮ ಬೆಳೆಸಿದ ರೀತಿಯಿಂದಲೇ ಬಂತು ಅನ್ನುವುದು ಅನ್ಯಾಯ.

ಆದರೆ ಗಂಡ ಹೆಂಡತಿಗೆ ಅಪ್ಪ ಆಗಲು ಆಗಲ್ಲ, ಅಲ್ವಾ? ಆಗಲು ಹೋದರೆ ದಾಂಪತ್ಯ ಉಳಿಯಲ್ಲ. ಸುಮ್ಮನಿದ್ದರೆ ಕಾಯಿಲೆ ಬಿಡಲ್ಲ. ಇದರ ನಡುವೆ ಇರುವ ದಾರಿ ಕೇಳಿ ಮಾಡುವುದು. ಊಟದ ಹೊತ್ತಲ್ಲಿ ಅಲ್ಲ, ಇಬ್ಬರೂ ಸಮಾಧಾನವಾಗಿರುವಾಗ, "ಊಟ ಆದ ಮೇಲೆ ಅರ್ಧ ಗಂಟೆ ಜೊತೆಗೆ ಕೂತಿರಲಾ? ಏನಾದರೂ ಹೇಳಲಾ, ಸುಮ್ನೆ ಇರಲಾ?" ಅಂತ ಕೇಳಿ. ಅವಳು ಒಪ್ಪಿದ್ದನ್ನು ಮಾಡಿ. ತೂಕದ ಮಾತು ಬೇಡ. "ಈಗ ಚೆನ್ನಾಗಿ ಕಾಣ್ತೀಯ" ಅನ್ನುವುದು ಕೂಡ ಬೇಡ. ಅವಳ ಕಿವಿಗೆ ಅದು "ದಪ್ಪ ಆಗಿದ್ದೀಯ" ಅಂತಲೇ ಬೀಳಬಹುದು. ಸಿನಿಮಾ, ಗೆಳೆಯರು, ಆಫೀಸಿನ ಸುದ್ದಿ, ಇವು ಮಾತಿಗೆ ವಾಪಸ್ ಬರಲಿ. ಮಕ್ಕಳಿದ್ದರೆ ಅವರಿಗೂ ಸರಳವಾಗಿ ಹೇಳಿ: ಅಮ್ಮನಿಗೆ ಹುಷಾರಿಲ್ಲ, ನಿಮ್ಮಿಂದ ಆದದ್ದಲ್ಲ, ಡಾಕ್ಟರು ನೋಡುತ್ತಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ಅವಳ ಒಪ್ಪಿಗೆ ಕೇಳುತ್ತಾ ಕೂರಬೇಡಿ. ಪದೇ ಪದೇ ವಾಂತಿ ಮಾಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ತಲೆಸುತ್ತಿ ಬಿದ್ದರೆ, ಎದೆ ಬಡಿತ ಹೆಚ್ಚುಕಮ್ಮಿ ಅನಿಸಿದರೆ, ಸಾಯುವ ಮಾತು ಬಂದರೆ, ಅವಳು ಬೇಡ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತುಂಬಾ ದಿನ ತಿನ್ನದೇ ಇದ್ದವರಿಗೆ ಮನೆಯಲ್ಲೇ ಒಮ್ಮೆಲೇ ಜಾಸ್ತಿ ತಿನ್ನಿಸುವುದೂ ಅಪಾಯ.

ಉಳಿದಂತೆ, ಅವಳು ಒಪ್ಪಿದರೆ, ಚಿಕಿತ್ಸೆ ಕೊಡುವವರನ್ನು ಮೊದಲ ಸಲವೇ ಕೇಳಿ: "ನಾನೂ ಜೊತೆಗೆ ಕೂರಬಹುದಾ?" ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮಾಡುವ ಚಿಕಿತ್ಸೆಯೂ ಇದೆ. ಇಬ್ಬರೂ ಬರಬಹುದು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರಲ್ಲ.