ಅಪ್ಪನ ನುಡಿ ಫೈಲ್‌ಗಳು ಹೊಸ ಲ್ಯಾಪ್‌ಟಾಪಿಗೆ

ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತಲ್ಲ, ಅದಕ್ಕೇ ಕೊನೆಗೂ ಹೊಸ ಲ್ಯಾಪ್‌ಟಾಪ್ ತಗೊಂಡೆ. ಡೆಸ್ಕ್‌ಟಾಪ್ ತುಂಬಾ ಇದ್ದ ಸ್ಕ್ರೀನ್‌ಶಾಟ್, ಶಾರ್ಟ್‌ಕಟ್ ಎಲ್ಲಾ ಡಿಲೀಟ್, ಫೋಟೋಗಳು ಆರಾಮಾಗಿ ಬಂದ್ವು. ಆದ್ರೆ ಅಪ್ಪ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿಟ್ಟಿದ್ದ ವರ್ಡ್ ಫೈಲ್ ಓಪನ್ ಮಾಡಿದ್ರೆ ಕನ್ನಡಾನೇ ಇಲ್ಲ, ಬರೀ ತಲೆ ಮೇಲೆ ಗೀಟು ಚುಕ್ಕಿ ಇರೋ ಇಂಗ್ಲಿಷ್ ಅಕ್ಷರ, ಯಾಕಂದ್ರೆ ಆಗಿನ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚೂರುಗಳನ್ನ ಕೂರಿಸಿರ್ತಿದ್ರು, ಫಾಂಟ್ ಇಲ್ಲಾಂದ್ರೆ ಮುಗೀತು. ಹಳೇ ಮಷೀನಿನ ಫಾಂಟ್ಸ್ ಫೋಲ್ಡರಿಂದ ನುಡಿ ಫಾಂಟ್ ತಂದು ಹಾಕಿದ್ಮೇಲೆ ಅಪ್ಪ ಬರೆದಿದ್ದೆಲ್ಲಾ ವಾಪಸ್ ಬಂತು, ತುಂಬಾನೇ ಖುಷಿಯಾಯ್ತು. ಅಷ್ಟಕ್ಕೇ ಬಿಡಬೇಡಿ, ಕನ್ವರ್ಟರಲ್ಲಿ ಯೂನಿಕೋಡ್ (ಈಗಿನ ಕಂಪ್ಯೂಟರ್, ಫೋನ್ ಎಲ್ಲಾ ಬಳಸೋ ಅಕ್ಷರ ವ್ಯವಸ್ಥೆ) ಮಾಡಿ ಇಟ್ಕೊಳ್ಳಿ, ಆಗ ಸರ್ಚ್ ಮಾಡಿದ್ರೂ ಸಿಗುತ್ತೆ, ಫೋನಲ್ಲೂ ಓದ್ಬಹುದು. ಅರ್ಕಾವತ್ತು, ಒತ್ತಕ್ಷರ ಮಾತ್ರ ಒಂದ್ಸಲ ಕಣ್ಣಾಡಿಸಿ ನೋಡಿ. ಹಳೇ ಮಷೀನ್ ಫಾರ್ಮ್ಯಾಟ್ ಮಾಡೋದೇನಿದ್ರೂ ಅದಾದ್ಮೇಲೇನೇ.