ಮೆಲ್ಲಗೆ ಉಸಿರಾಡು ಎಂದಿದ್ದೆ

ಅಕ್ಕನ ಮಗನಿಗೆ ಆಗ ಹದಿನಾಲ್ಕು ವರ್ಷ. ಎರಡು ವಾರಗಳಿಂದ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದ, ಅಂಗಿ ಮೈಮೇಲೆ ಜೋಲತೊಡಗಿತ್ತು. ಬೇಸಿಗೆ, ಬೆಳೆಯುವ ವಯಸ್ಸು ಎಂದುಕೊಂಡೆವು. ಆ ಭಾನುವಾರ ಬೆಳಿಗ್ಗೆ ವಾಂತಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಏದುಸಿರು.

ಉಬ್ಬಸವಿರಬೇಕು ಎಂದರು ಭಾವ. ಆದರೆ ಎದೆಯಲ್ಲಿ ಗೊರಗೊರ ಸದ್ದಿರಲಿಲ್ಲ, ಕೆಮ್ಮಿರಲಿಲ್ಲ. ಗುಡ್ಡ ಹತ್ತಿ ಬಂದವನಂತೆ ಆಳದಿಂದ ಎಳೆದು, ಪೂರ್ತಿ ಹೊರಗೆ ಬಿಡುತ್ತಿದ್ದ, ಬಿಡುವಿಲ್ಲದೆ. ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗೆ ಕಾರಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಬಾಯಿಂದ ಕಳಿತ ಹಣ್ಣಿನ ವಾಸನೆ. "ಮೆಲ್ಲಗೆ ಉಸಿರಾಡು ಪುಟ್ಟಾ, ಹೆದರಬೇಡ" ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದೆ.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿದಾಗ ಸಕ್ಕರೆಯ ಮೀಟರ್ ಅಂಕಿಯನ್ನೇ ತೋರಿಸಲಿಲ್ಲ, 'ಹೈ' ಎಂದಷ್ಟೇ ಬಂತು. ಉಬ್ಬಸವಲ್ಲ, ಸಕ್ಕರೆ ಕಾಯಿಲೆ. ಮಣಿಕಟ್ಟಿನ ಅಪಧಮನಿಯಿಂದಲೂ ರಕ್ತ ತೆಗೆದರು. ನಾನು ಮತ್ತೆ "ಮೆಲ್ಲಗೆ" ಎಂದಾಗ ವೈದ್ಯೆ ತಡೆದರು. "ಹಾಗೆ ಹೇಳಬೇಡಿ ಮೇಡಂ. ಇಷ್ಟು ಹೊತ್ತು ಅವನನ್ನು ಉಳಿಸಿರುವುದೇ ಆ ಉಸಿರು."

ರಕ್ತಪರೀಕ್ಷೆಯ ಚೀಟಿಯಲ್ಲಿ ಪಿಎಚ್ 7.12 ಎಂದಿತ್ತು, ಇರಬೇಕಾದದ್ದು 7.35ರಿಂದ 7.45. ಈ ಅಂಕಿ ಇಳಿದಷ್ಟೂ ರಕ್ತದಲ್ಲಿ ಆಮ್ಲ ಹೆಚ್ಚು. ಆಮ್ಲವನ್ನು ತಣಿಸುವ ಬೈಕಾರ್ಬನೇಟ್ 24ರ ಆಸುಪಾಸಿನಲ್ಲಿರಬೇಕು, 5ಕ್ಕೆ ಇಳಿದಿತ್ತು. ಕಾರ್ಬನ್ ಡೈಆಕ್ಸೈಡ್‌ನ ಒತ್ತಡ 40ರ ಬದಲು 16.

ನಾನು ಪ್ರಥಮ ಪಿಯುಸಿಗೆ ರಸಾಯನಶಾಸ್ತ್ರ ಪಾಠ ಮಾಡುವವಳು. ಬೀಕರಿನಲ್ಲಿ ಬಫರ್, ಅಂದರೆ ಪಿಎಚ್ ಏರಿಳಿಯದಂತೆ ತಡೆಯುವ ದ್ರಾವಣ, ಒಂದಿಷ್ಟು ಆಮ್ಲವನ್ನು ತಾಳಿಕೊಂಡು ಕೊನೆಗೆ ಸೋಲುತ್ತದೆ. ಮೈಯೊಳಗಿನ ಬಫರಿಗೆ ಮಾತ್ರ ಒಂದು ಬಾಗಿಲು ತೆರೆದೇ ಇರುತ್ತದೆ. ಇನ್ಸುಲಿನ್ ಇಲ್ಲದೆ ಅವನ ದೇಹ ಕೊಬ್ಬನ್ನು ಒಡೆದು ಕೀಟೋನ್ ಆಮ್ಲಗಳನ್ನು ರಕ್ತಕ್ಕೆ ಸುರಿಯುತ್ತಿತ್ತು. ಬೈಕಾರ್ಬನೇಟ್ ಆ ಆಮ್ಲವನ್ನು ಹಿಡಿದು ಕಾರ್ಬಾನಿಕ್ ಆಮ್ಲವಾಗುತ್ತದೆ, ಅದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಆ ಅನಿಲವನ್ನು ಶ್ವಾಸಕೋಶ ಹೊರಗೆ ಹಾಕುತ್ತಲೇ ಇರಬೇಕು. ಮೂತ್ರಪಿಂಡಗಳೂ ಹೊಸ ಬೈಕಾರ್ಬನೇಟ್ ತಯಾರಿಸುತ್ತವೆ, ಆದರೆ ಅವಕ್ಕೆ ದಿನಗಳು ಬೇಕು. ಉಸಿರಿಗೆ ನಿಮಿಷಗಳು ಸಾಕು. ಈ ಉಸಿರಾಟವನ್ನು 1874ರಲ್ಲೇ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮಾಲ್ ವಿವರಿಸಿದ್ದರು.

ಐಸಿಯು ಹೊರಗಿನ ಬೆಂಚಿನಲ್ಲಿ ಕುಳಿತು ಚೀಟಿಯ ಹಿಂದೆ ಒಂದು ಲೆಕ್ಕ ಮಾಡಿದೆ. ಬೈಕಾರ್ಬನೇಟ್ ಅದೇ 5, ಆದರೆ ನಾನು ಹೇಳಿದಂತೆ ಅವನು ಮೆಲ್ಲಗೆ ಉಸಿರಾಡಿ ಕಾರ್ಬನ್ ಡೈಆಕ್ಸೈಡ್‌ನ ಒತ್ತಡ 40ರಲ್ಲೇ ನಿಂತಿದ್ದರೆ? ಪಿಎಚ್ 6.72. ಅದು ಜೀವ ಉಳಿಯುವುದೇ ಕಷ್ಟವಾದ ಅಂಕಿ. ಪೆನ್ನು ಹಿಡಿದ ಕೈ ನಡುಗಿತು. ಚೀಟಿಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡೆ, ಅಕ್ಕನಿಗೆ ತೋರಿಸಲಿಲ್ಲ.

ಬೈಕಾರ್ಬನೇಟನ್ನೇ ನೇರವಾಗಿ ಕೊಡಬಹುದಲ್ಲವೇ ಎಂದು ವೈದ್ಯೆಯನ್ನು ಕೇಳಿದೆ. ಆಮ್ಲದ ಮೂಲವನ್ನು ಇನ್ಸುಲಿನ್ ನಿಲ್ಲಿಸಿದರೆ ಬೈಕಾರ್ಬನೇಟ್ ತಾನಾಗಿ ಮರಳುತ್ತದೆ, ಮಕ್ಕಳಲ್ಲಿ ಆತುರಪಟ್ಟರೆ ಮಿದುಳಿಗೆ ತೊಂದರೆಯಾಗಬಹುದು ಎಂದರು. ರಾತ್ರಿಯಿಡೀ ಸಲೈನ್, ಇನ್ಸುಲಿನ್, ಪೊಟ್ಯಾಸಿಯಂ ಹನಿಯುತ್ತಿದ್ದವು. ಒಳಗೆ ಬಿಟ್ಟಾಗಲೆಲ್ಲ ಅವನ ಉಸಿರನ್ನು ಎಣಿಸಿದೆ. ಸಂಜೆ ನಿಮಿಷಕ್ಕೆ 38 ಇದ್ದದ್ದು ಬೆಳಗಿನ ಜಾವಕ್ಕೆ 22.

"ಉಸಿರು ಕಡಿಮೆಯಾಯಿತಲ್ಲೇ!" ಎಂದು ಅಕ್ಕ ಗಾಬರಿಯಿಂದ ನನ್ನ ತೋಳು ಹಿಡಿದಳು. ಆಗಷ್ಟೇ ಬಂದ ಹೊಸ ಚೀಟಿಯನ್ನು ಅವಳ ಕೈಗಿತ್ತೆ. ಪಿಎಚ್ 7.31, ಬೈಕಾರ್ಬನೇಟ್ 14.