ಗಡ್ಡೆಯಲ್ಲಿ ಹೆಚ್ಚಿದ ಜೀನ್‌ಗಳೆಲ್ಲವೂ ಕ್ಯಾನ್ಸರ್‌ಗೆ ಕಾರಣವೇ?

ಜೀವವಿಜ್ಞಾನ ಕಲಿಸುವ ನನ್ನನ್ನು ವಿದ್ಯಾರ್ಥಿಗಳೂ, ಮನೆಯವರ ಬಯಾಪ್ಸಿ ವರದಿ ಹಿಡಿದು ಬರುವ ಪರಿಚಿತರೂ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಆರೋಗ್ಯವಂತ ಜೀವಕೋಶದಲ್ಲಿ ಎರಡೇ ಪ್ರತಿಗಳಿರಬೇಕಾದ ಜೀನ್ ಗಡ್ಡೆಯಲ್ಲಿ ಇಪ್ಪತ್ತಾಗಿದ್ದರೆ, ಕ್ಯಾನ್ಸರ್‌ಗೆ ಅದೇ ಕಾರಣವೆನ್ನಲು ಇನ್ನೇನು ಬೇಕು? ಇನ್ನೂ ಬಹಳ ಬೇಕು ಎಂಬುದು ನನ್ನ ಉತ್ತರ.

ಜೀನ್ ಸಾಮಾನ್ಯವಾಗಿ ಒಂಟಿಯಾಗಿ ಹೆಚ್ಚುವುದಿಲ್ಲ. ವರ್ಣತಂತುವಿನ ಒಂದು ತುಂಡು ಮತ್ತೆ ಮತ್ತೆ ನಕಲಾಗುವಾಗ ಅದರಲ್ಲಿರುವ ಜೀನ್‌ಗಳೆಲ್ಲವೂ ಹೆಚ್ಚುತ್ತವೆ. ಗಡ್ಡೆಯನ್ನು ಬೆಳೆಸುವುದು ಅವುಗಳಲ್ಲಿ ಒಂದೋ ಎರಡೋ, ಉಳಿದವು ದಿಬ್ಬಣದ ಜೊತೆ ಬಂದವು ಮಾತ್ರ. 11ನೇ ವರ್ಣತಂತುವಿನ ಕಥೆಯನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಅಲ್ಲಿನ ಒಂದು ಭಾಗ ಹೆಚ್ಚಿರುವುದು ಕಂಡಾಗ ಮೊದಲು ಅನುಮಾನ ಬಿದ್ದದ್ದು ಇಂಟ್-2 ಎಂಬ ಜೀನ್ ಮೇಲೆ, ಏಕೆಂದರೆ ಇಲಿಗಳಲ್ಲಿ ಸ್ತನದ ಗಡ್ಡೆ ತರುವ ವೈರಸ್ ಅದನ್ನೇ ಚುರುಕುಗೊಳಿಸುತ್ತದೆಂದು ಗೊತ್ತಿತ್ತು. ಆದರೆ ಮನುಷ್ಯರ ಗಡ್ಡೆಗಳಲ್ಲಿ ಪ್ರತಿಗಳು ಎಷ್ಟೇ ಇದ್ದರೂ ಇಂಟ್-2 ಬಹುಮಟ್ಟಿಗೆ ನಿಷ್ಕ್ರಿಯವಾಗಿಯೇ ಇತ್ತು. 1991ರಲ್ಲಿ ಬೆಳಕಿಗೆ ಬಂದ ನೆರೆಯ ಸೈಕ್ಲಿನ್ ಡಿ1 ಜೀನ್ ಹಾಗಿರಲಿಲ್ಲ: ಜೀನ್ ಕೆಲಸ ಮಾಡುವಾಗ ಅದರಿಂದ ತಯಾರಾಗುವ ಆರ್‌ಎನ್‌ಎ, ಪ್ರೋಟೀನ್ ಎರಡೂ ಏರಿದ್ದವು, ಮತ್ತು 1994ರಲ್ಲಿ ಇಲಿಯ ಸ್ತನದಲ್ಲಿ ಆ ಜೀನನ್ನು ಅತಿಯಾಗಿ ದುಡಿಸಿದಾಗ ಅಲ್ಲಿ ಕ್ಯಾನ್ಸರ್ ಹುಟ್ಟಿತು.

ಹರ್-2 ಜೀನ್‌ನ ಪುರಾವೆ ಇನ್ನೂ ಗಟ್ಟಿ. 1987ರಲ್ಲಿ ಡೆನ್ನಿಸ್ ಸ್ಲೇಮನ್ ಮತ್ತು ಸಂಗಡಿಗರು 189 ಸ್ತನ ಗಡ್ಡೆಗಳನ್ನು ಪರೀಕ್ಷಿಸಿ, ಸುಮಾರು ಶೇ. 30ರಲ್ಲಿ ಇದರ ಪ್ರತಿಗಳು ಹೆಚ್ಚಿರುವುದನ್ನೂ, ಪ್ರತಿಗಳು ಹೆಚ್ಚಿದ್ದವರಲ್ಲಿ ರೋಗ ಬೇಗ ಮರುಕಳಿಸುವುದನ್ನೂ ಕಂಡರು. ಇಷ್ಟೇ ಆಗಿದ್ದರೆ ಅದು ಬರಿಯ ಸಂಬಂಧವಾಗಿರುತ್ತಿತ್ತು. ಅದೇ ವರ್ಷ, ಯಾವ ದೋಷವೂ ಇಲ್ಲದ ಹರ್-2 ಪ್ರೋಟೀನನ್ನು ಇಲಿಯ ಜೀವಕೋಶಗಳಲ್ಲಿ ವಿಪರೀತ ಹೆಚ್ಚಿಸಿದಾಗ ಅವು ಕ್ಯಾನ್ಸರ್ ಕೋಶಗಳಾಗಿ ಮಾರ್ಪಟ್ಟವು. ಮುಂದೆ ಆ ಪ್ರೋಟೀನಿಗೆ ಅಂಟುವ ಪ್ರತಿಕಾಯ ಗಡ್ಡೆಯ ಕೋಶಗಳ ಬೆಳವಣಿಗೆಯನ್ನು ತಗ್ಗಿಸಿತು. ಸೇರಿಸಿದರೆ ರೋಗ ಬರಬೇಕು, ತಡೆದರೆ ಇಳಿಯಬೇಕು. ನಾನು ಕೇಳುವ ಪುರಾವೆ ಇದೇ. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ರಾಸ್ಟುಜುಮ್ಯಾಬ್ ಔಷಧಿ ಈ ದಾರಿಯಲ್ಲೇ ಬಂದದ್ದು. ಅದರ ಜೈವಿಕ ಸಮಾನ ಔಷಧಿಯನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು.

ವರದಿ ಹಿಡಿದು ಬರುವವರಿಗೆ ನಾನು ತೋರಿಸುವುದೂ ಇದನ್ನೇ. ಸ್ತನದ ಗಡ್ಡೆಯಲ್ಲಿ ಸಾಮಾನ್ಯವಾಗಿ ಮೊದಲು ಅಳೆಯುವುದು ಕೋಶದ ಹೊರಪದರದಲ್ಲಿರುವ ಹರ್-2 ಪ್ರೋಟೀನನ್ನು. ಅದು 3+ ಎಂದರೆ ಪ್ರೋಟೀನ್ ಹೆಚ್ಚಿರುವುದು ಸ್ಪಷ್ಟ, 2+ ಎಂದು ಅನುಮಾನವುಳಿದಾಗ ಮಾತ್ರ ಫಿಶ್ ಪರೀಕ್ಷೆಯಲ್ಲಿ ಜೀನ್‌ನ ಪ್ರತಿಗಳನ್ನು ಎಣಿಸುತ್ತಾರೆ.